ಕಂಬಳಿಯ ಗುಟ್ಟು

ಮಿಲ್ಲಿನ ರಗ್ಗು ಬಂದ ಮೇಲೆ ನಮ್ಮ ಕಂಬಳಿಯನ್ನು ಸಂತೆಯಲ್ಲಿ ಕೇಳುವವರಿಲ್ಲ. ಆದರೂ ಅದಕ್ಕೆ ಬಳಿಯುವ ಹುಣಸೆಬೀಜದ ಗಂಜಿಯ ಹದ ನಮ್ಮ ಮನೆಯವರನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿಲ್ಲ. ಹಾಗಾಗಿ ಹಿರಿಯೂರಿಗೆ ಬಂದಿದ್ದ ಎಕ್ಸ್‌ಪೋರ್ಟ್ ಸಾಹುಕಾರ ಕಂಬಳಿ ಮುಟ್ಟಿ, "ಇಷ್ಟು ಬಿರುಸು ಹೆಂಗೆ ಬಂತಪ್ಪ?" ಎಂದಾಗ ಕದಿಯಲಿಕ್ಕೇ ಬಂದಿದ್ದಾನೆ ಅಂದುಕೊಂಡೆ.

"ಅದೊಂದು ಕೇಳಬ್ಯಾಡ್ರಿ. ನಮ್ಮಜ್ಜನ ಗುಟ್ಟು ಅದು, ಕತ್ತು ಕುಯ್ದ್ರೂ ಹೇಳಲ್ಲ!" ಎಂದು ಮೀಸೆ ತಿರುವಿದೆ.

"ಹೇಳಬ್ಯಾಡ, ತೊಳ್ದು ತಗಂಬಾ. ಫಾರಿನ್‌ನವರಿಗೆ ಈ ವಾಸನೆ ಆಗಲ್ಲ, ಮೆತ್ತಗಿರಬೇಕು. ಹಂಗಾದ್ರೆ ಅಷ್ಟೂ ತಗಳ್ತೀನಿ."

ಮಾರದೆ ಹೋದರೆ ಅವ್ವ ಮನೆಯೊಳಗೆ ಬಿಡುತ್ತಿರಲಿಲ್ಲ. ವೇದಾವತಿಯಲ್ಲಿ ಮೊಣಕಾಲುದ್ದ ನೀರಿಗಿಳಿದು, ಅಜ್ಜನ ಗುಟ್ಟನ್ನೆಲ್ಲ ತುಳಿದು ತುಳಿದು ಹೊಳೆಗೆ ಬಿಟ್ಟೆ.

ಕುರಿಗೆ ನೀರು ಕುಡಿಸುತ್ತಿದ್ದ ಮುದುಕನೊಬ್ಬ, "ಲೇ, ಹೊಸಾ ಕಂಬಳಿ ಯಾಕಲೇ ತೊಳೀತೀಯ?" ಎಂದ.

"ಎಕ್ಸ್‌ಪೋರ್ಟ್ ಮಾಲು ಕಣಜ್ಜ, ಅತ್ಲಾಗೆ ತಿರುಗು. ನಾನು ಕಂಡುಹಿಡಿದ ಗುಟ್ಟು ಇದು!" ಎಂದೆ.