ಅತ್ತೆಯ ಮಡಿಗೆ ಹೆಣೆದ ಶಾಲು

ಹೆಣಿಗೆಯಲ್ಲಿ ನನ್ನ ಕೈ ಒಳ್ಳೆಯದು ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಸಾಗರದಿಂದ ಹೊಸನಗರದ ಆಫೀಸಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತ, ಅಷ್ಟೆಲ್ಲ ತಿರುವುಗಳಲ್ಲಿ ಕಡ್ಡಿಯಿಂದ ಒಂದು ಕುಣಿಕೆಯೂ ಜಾರದಂತೆ, ಎರಡೂವರೆ ತಿಂಗಳಲ್ಲಿ ಇಡೀ ಶಾಲು ಮುಗಿಸಿದವಳು ನಾನು. ಕಡುಹಸಿರು ಮೈ, ಅದರ ಮೇಲೆ ಅರಿಶಿನ ಬಣ್ಣದ ಉಬ್ಬುಗಂಟುಗಳ ಸಾಲು. ಪಕ್ಕದ ಸೀಟಿನವರು ಕೇಳದೆಯೇ ಮುಟ್ಟಿ ನೋಡುತ್ತಿದ್ದರು. ನಾನೂ ಬೇಡ ಎನ್ನುತ್ತಿರಲಿಲ್ಲ.

ಶಾಲು ಅತ್ತೆಗೆ. ನಮ್ಮ ಮನೆಯಲ್ಲಿ ದೇವರ ನೈವೇದ್ಯ ಮಾಡುವುದು ಅವರೇ, ಅದೂ ಮಡಿಯಲ್ಲಿ. ಮಿಂದು, ಒಗೆದು ಒಣಗಿಸಿದ, ಯಾರೂ ಮುಟ್ಟದ ಬಟ್ಟೆ ಉಡಬೇಕು. ಉಣ್ಣೆಯದಾದರೆ ದಿನಾ ಒಗೆಯುವ ತಾಪತ್ರಯವಿಲ್ಲ. ಅವರ ಹಳೆಯ ಉಣ್ಣೆ ಶಾಲು ಹುಳು ತಿಂದು ಜಾಲರಿಯಾಗಿತ್ತು. ಚಳಿಯ ಬೆಳಿಗ್ಗೆ ನಡುಗುತ್ತಲೇ ಅಕ್ಕಿ ತೊಳೆಯುತ್ತಿದ್ದರು. ನನಗೆ ನೋಡಲಾಗಲಿಲ್ಲ.

ಕೊಟ್ಟಾಗ ಮಗುಚಿ ಮಗುಚಿ ನೋಡಿ, "ಅಡ್ಡಿಲ್ಲೆ" ಎಂದರು. ಪರವಾಗಿಲ್ಲ ಎಂದಷ್ಟೇ ಅರ್ಥ, ಆದರೆ ಹನ್ನೊಂದು ವರ್ಷದಲ್ಲಿ ನನಗೆ ಅವರಿಂದ ಸಿಕ್ಕ ದೊಡ್ಡ ಬಿರುದು ಅದು. ಮಾರನೆಯ ದಿನದಿಂದ ಅದನ್ನು ಹೊದ್ದೇ ನೈವೇದ್ಯ ಮಾಡಿದರು. ನಾನು ಹೆಮ್ಮೆಯಿಂದ ಬೀಗಿದೆ.

ತಿಂಗಳು ಕಳೆದ ಮೇಲೆ ನನಗೂ ಒಂದು ಹೆಣೆದುಕೊಳ್ಳೋಣವೆಂದು, ಆ ನೂಲು ಕೊಂಡಿದ್ದ ಅಂಗಡಿಗೇ ಹೋದೆ. ನೂಲಿನ ಉಂಡೆಗೆ ಸುತ್ತಿದ ಚೀಟಿಯನ್ನು ಓದಿದ್ದು ಅವತ್ತೇ ಮೊದಲು. ಪೂರ್ತಿ ಅಕ್ರಿಲಿಕ್. ಕುರಿಯ ಒಂದು ಕೂದಲೂ ಅದರಲ್ಲಿಲ್ಲ! ಒಂದಿಡೀ ತಿಂಗಳು ಅತ್ತೆಯ ಮಡಿ ಕೆಡಿಸಿದ್ದೆ. ಹೇಳಿದರೆ ಶಾಲು ಮೂಲೆ ಸೇರುತ್ತದೆ, ಹೇಳದಿದ್ದರೆ ಅವರ ಮುಖ ನೋಡುವುದು ಹೇಗೆ? ಎರಡು ದಿನ ಒದ್ದಾಡಿದೆ. ಕೊನೆಗೆ ಅಪ್ಪಟ ಉಣ್ಣೆಯ ಶಾಲೊಂದನ್ನು ಕೊಂಡು ತಂದು ಅವರ ಮುಂದಿಟ್ಟೆ.

"ಅತ್ತೆ, ನಾ ಹೆಣೆದಿದ್ದು ಉಣ್ಣೆದಲ್ಲ. ಪ್ಲಾಸ್ಟಿಕ್ ನೂಲು. ತಪ್ಪಾತು."

ಅವರು ಬೈಯಲಿಲ್ಲ. ದೇವರ ಮುಂದೆ ತಪ್ಪುಕಾಣಿಕೆ ಇಟ್ಟು ಕೈಮುಗಿದರು. ಹೊಸ ಶಾಲು ಪೆಟ್ಟಿಗೆಯೊಳಗೆ ಹೋಯಿತು. ನನ್ನದನ್ನು ಬಚ್ಚಲಿಗೆ ಒಯ್ದು ಒಗೆದು, ಯಾರ ಕೈಗೂ ಎಟುಕದ ಎತ್ತರದ ಗಳುವಿನ ಮೇಲೆ ಕೋಲಿನಿಂದ ಹರವಿದರು. ಅವತ್ತಿನಿಂದ ಅದು ದಿನದ ಕೆಲಸವಾಯಿತು. ಎಪ್ಪತ್ತು ದಾಟಿದವರು, ನೀರು ಕುಡಿದು ಭಾರವಾದ ಶಾಲನ್ನು ಹಿಂಡುವಾಗ ಏದುಸಿರು ಬಿಡುತ್ತಿದ್ದರು.

ಸಂಕಟವಾಗಿ ಒಂದು ದಿನ ಕೇಳಿಯೇಬಿಟ್ಟೆ.

"ಉಣ್ಣೆದು ತಂದುಕೊಟ್ಟಿದ್ನಲೆ ಅತ್ತೆ. ಅದನ್ನೇ ಹೊದ್ರೆ ಈ ಒಗೆಯ ಕೆಲ್ಸ ಇಲ್ಲೆ."

ಒದ್ದೆ ಶಾಲಿನ ಅರಿಶಿನ ಗಂಟುಗಳನ್ನು ಬೆರಳಿನಿಂದ ಒಂದೊಂದಾಗಿ ಎತ್ತಿ ನಿಲ್ಲಿಸುತ್ತಿದ್ದವರು ನನ್ನ ಕಡೆ ತಿರುಗಲೂ ಇಲ್ಲ.

"ಅದು ಅಂಗಡಿದು. ಇದು ಎನ್ನ ಸೊಸೆ ಹೆಣದ್ದು."