ಮೊದಲ ತೂತಿನ ಮೇಲಿನ ಚೀಟಿ

ಸಾಂಗ್ಲಿಯ ಅರಿಸಿಣ ಪೇಟೆಯಲ್ಲಿ ಮೂವತ್ತು ವರ್ಷ ತಕ್ಕಡಿ ಹಿಡಿದ ದಶರಥನಿಗೆ ‘ಒಂದು’ ಎಂದು ಎಣಿಸಲು ಬರುತ್ತಿರಲಿಲ್ಲ. ನಗಬೇಡಿ. ಪೇಟೆಯಲ್ಲಿ ತೂಗುವವನು ಮೊದಲ ಚೀಲಕ್ಕೆ ಒಂದು ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾನೆ. ಲಾಭ, ಎರಡು, ಮೂರು. ಅವನು ದುಡಿದ ನೇಮಿನಾಥ ಶೇಟಜಿಯ ಅಂಗಡಿಯಲ್ಲಿ ಇನ್ನೂ ಒಂದು ಪದ್ಧತಿಯಿತ್ತು: ಮೊದಲ ಚೀಲದಿಂದ ಒಂದು ಹಿಡಿ ತೆಗೆದು ಬಸದಿಗೆಂದು ಬೇರೆ ಇಡಬೇಕು. ಅದು ತೂಕಕ್ಕೆ ಬರುವಂತಿಲ್ಲ.

ಬೆನ್ನು ಸೋತ ಮೇಲೆ ಶೇಟಜಿಯೇ ಹೇಳಿಸಿ, ಮಿರಜ್ ದಾಟಿ ಆರಗದ ದಾರಿಯಲ್ಲಿರುವ ರೈಫಲ್ ಮೈದಾನದಲ್ಲಿ ಅವನಿಗೊಂದು ಹಗುರ ಕೆಲಸ ಕೊಡಿಸಿದರು. ಮುನ್ನೂರು ಮೀಟರ್ ಆಚೆ ಗುರಿಹಲಗೆಯ ಕೆಳಗೆ ಆಳವಾದ ತಗ್ಗು. ಅದರಲ್ಲಿ ಕೂತು, ಗುಂಡು ಬಿದ್ದಾಗ ಹಲಗೆ ಇಳಿಸಿ, ತೂತು ಎಲ್ಲಿದೆಯೆಂದು ವಾಕಿಟಾಕಿಯಲ್ಲಿ ಹೇಳಿ, ತೂತಿಗೆ ಅಂಟುಚೀಟಿ ಹಚ್ಚಿ ಮತ್ತೆ ಏರಿಸಬೇಕು. ಅಲ್ಲಿಯೂ ಅವನ ಲೆಕ್ಕ ‘ಲಾಭ’ದಿಂದಲೇ ಶುರು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಪೇಟೆಯ ಗುಣವೂ ಹಾಗೇ.

ಶೇಟಜಿಯ ಮಗಳು ಬ್ರಾಹ್ಮಿ ಅಲ್ಲೇ ಗುಂಡು ಹೊಡೆಯುತ್ತಿದ್ದಳು. ಇರುವೆಗೂ ದಾರಿ ಬಿಡುವ ಜೈನರ ಮನೆಯ ಹುಡುಗಿ, ಅವಳು ಗಾಯ ಮಾಡಿದ್ದು ಕಾಗದವನ್ನಷ್ಟೇ. ರಾಜ್ಯ ತಂಡದ ಆಯ್ಕೆಗೆ ಹದಿನೈದು ದಿನ ಉಳಿದಿತ್ತು. ಹೋದ ವರ್ಷ ಅವಳ ಹಗುರ ಗುಂಡನ್ನು ಗಾಳಿ ಪಕ್ಕಕ್ಕೆ ತಳ್ಳಿ, ಕೂದಲೆಳೆಯಲ್ಲಿ ಆಯ್ಕೆ ತಪ್ಪಿತ್ತು. ಈ ಸಲ ಭಾರದ ಗುಂಡಿನ ಒಂದು ಪೆಟ್ಟಿಗೆ ಪರೀಕ್ಷೆಗೆಂದು ಬಂದಿತ್ತು. ಯಾವ ಗುಂಡು ಬೇಕೆಂದು ಪರೀಕ್ಷೆಯ ಮರುದಿನ ಸಂಜೆಯೊಳಗೆ ಆಯ್ಕೆಯವರಿಗೆ ತಿಳಿಸಬೇಕು, ಆಮೇಲೆ ಬದಲಿಸುವಂತಿಲ್ಲ.

“ಕಾಕಾ, ಐದ ಗುಂಡ ಹೊಡಿತೀನ್ರಿ. ಒಂದಕ್ಕೂ ಚೀಟಿ ಹಚ್ಚಬ್ಯಾಡ್ರಿ,” ಎಂದಿದ್ದಳು.

ಡಿಸೆಂಬರ್ ತಿಂಗಳು, ಬೆಳಿಗ್ಗೆ ಏಳು ಗಂಟೆ, ಹಲ್ಲು ಕಟಕಟ ಅನ್ನುವ ಥಂಡಿ. ಮೊದಲ ಗುಂಡು ಬಂತು. ದಶರಥ ಹಲಗೆ ಇಳಿಸಿ ನೋಡಿದ. ನಡುವಿನ ಹತ್ತಿರವೇ, ಆದರೆ ತೂತು ದುಂಡಗಿರಲಿಲ್ಲ. “ಲಾಭ,” ಎಂದು ವಾಕಿಟಾಕಿಯಲ್ಲಿ ಕೂಗುವಷ್ಟರಲ್ಲಿ ದಿಬ್ಬದ ಹಿಂದೆ ಕುರಿಹಿಂಡು ನುಗ್ಗಿ, ಗುಂಡು ನಿಲ್ಲಿಸುವ ಕೆಂಪು ಬಾವುಟ ಏರಿತು. ಕುರಿಗಳೋ ಕುರಿಗಳೇ, ಅವಕ್ಕೆ ಅವಸರವೆಂದರೇನೆಂದೇ ಗೊತ್ತಿಲ್ಲ! ದಾರಿ ತೆರವಾಗುವ ಹೊತ್ತಿಗೆ ಎರಡು ತಾಸು ಕಳೆದು ಬಿಸಿಲು ಚುರುಗುಟ್ಟುತ್ತಿತ್ತು. ಆ ನಡುವೆ, ಮಾಡಲು ಕೆಲಸವಿಲ್ಲದ ದಶರಥನ ಕೈ ತಾನಾಗಿ ಆ ತೂತಿಗೆ ಚೀಟಿ ಹಚ್ಚಿಬಿಟ್ಟಿತ್ತು. ಮೊದಲನೆಯದು ದೇವರ ಪಾಲು, ತೂಕಕ್ಕಿಲ್ಲ.

ಉಳಿದ ನಾಲ್ಕು ಗುಂಡು ಹೊಡೆದಾದ ಮೇಲೆ ಅವನು ಬ್ರಾಹ್ಮಿ ಮತ್ತು ಮಗಳ ಪರೀಕ್ಷೆ ನೋಡಲು ಬಂದಿದ್ದ ಶೇಟಜಿಯ ಮುಂದೆ ಹಲಗೆ ಹೊತ್ತು ತಂದ. ಹಳೆಯ ಚೀಟಿಗಳು ತುಂಬಿದ ಕಾಗದದ ನಡುವೆ ನಾಲ್ಕು ದುಂಡು ತೂತು, ಒಂದು ರೂಪಾಯಿ ನಾಣ್ಯದಿಂದ ಮುಚ್ಚುವಷ್ಟು ಹತ್ತಿರ.

“ಅಪ್ಪಾ, ಐದನೇದು ಇದರಾಗs ತೂರಿ ಹೋಗೇತಿ! ಒಂದರ ಮ್ಯಾಲ ಒಂದು!” ಬ್ರಾಹ್ಮಿ ಕುಣಿದಳು. ಶೇಟಜಿ ಪೇಢೆಯ ಪುಡಿಕೆ ಬಿಚ್ಚಿ ಮೊದಲನೆಯದನ್ನು ದಶರಥನ ಬಾಯಿಗೇ ಇಟ್ಟರು. ಭಾರದ ಗುಂಡನ್ನೇ ಬರೆಸಲು ಬ್ರಾಹ್ಮಿ ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದಳು.

ಐದನೇದು! ದಶರಥನಿಗೆ ತಾನು ಚೀಟಿ ಹಚ್ಚಿದ ಮೊದಲ ತೂತು ನೆನಪಾಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಮೂವತ್ತು ವರ್ಷದಲ್ಲಿ ಒಂದು ಚೀಲವನ್ನೂ ತಪ್ಪು ತೂಗದ ಮನುಷ್ಯ ಅವನು.

“ಫೋನ್ ಇಡವ್ವಾ,” ಎಂದ. “ಐದನೇದು ಅಲ್ಲಿಲ್ಲ. ನಾ ಮುಚ್ಚೇನಿ.”

ಉಗುರಿನಿಂದ ಮೆಲ್ಲಗೆ ಚೀಟಿ ಎಬ್ಬಿಸಿದ. ಕೆಳಗೆ ಗೋದಿಕಾಳಿನಂತೆ ಉದ್ದನೆಯ ತೂತು.

“ದಶರಥಾ, ನೀನs ಹಿಂಗ ಮಾಡಿದ್ರ?” ಎಂದರು ಶೇಟಜಿ.

“ತಪ್ಪಾತ್ರೀ ಅಣ್ಣಾರ. ನಿಮ್ಮ ಅಂಗಡ್ಯಾನ ರೂಢಿ, ಕೈ ಕೇಳಲಿಲ್ಲ.” ನಾಚಿಕೆಯಿಂದ ಅವನ ತಲೆ ಮೇಲೇಳಲಿಲ್ಲ.

ಬ್ರಾಹ್ಮಿ ಸಿಟ್ಟಿನಿಂದ ಮರಾಠಿಯಲ್ಲಿ ಏನೋ ಗೊಣಗಿದಳು. ಆಮೇಲೆ ಆ ತೂತಿನ ಮೇಲೆ ಬೆರಳಾಡಿಸಿ ತಣ್ಣಗಾದಳು. ಭಾರದ ಗುಂಡು ಉದ್ದ. ಅದನ್ನು ನೆಟ್ಟಗೆ ಇಡುವಷ್ಟು ಜೋರಾಗಿ ನಳಿಕೆ ತಿರುಗಿಸದಿದ್ದರೆ, ಥಂಡಿಯ ದಪ್ಪ ಗಾಳಿಯಲ್ಲಿ ಅದು ಹೊಯ್ದಾಡಿ, ಓರೆಯಾಗಿ ಬಿದ್ದು ಉದ್ದನೆಯ ತೂತು ಮಾಡುತ್ತದೆ. ಬಿಸಿಲಲ್ಲಿ ನೆಟ್ಟಗೆ ಹೋಗುತ್ತದೆ. ಆಯ್ಕೆ ನಡೆಯುವುದು ಬೆಳಿಗ್ಗೆ ಏಳಕ್ಕೆ.

“ನಾಳೆ ಏಳಕ್ಕ ಮತ್ತ ಹೊಡಿತೀನಿ,” ಎಂದಳು. “ತಗ್ಗಿನಾಗ ನೀವs ಇರಬೇಕ್ರಿ ಕಾಕಾ.”

ಮರುದಿನ ದಶರಥ ಅಂಟುಚೀಟಿಯ ಡಬ್ಬಿಯನ್ನೇ ಮೇಲೆ ಬಿಟ್ಟು ತಗ್ಗಿಗಿಳಿದ. ಐದು ಗುಂಡು, ಅದರಲ್ಲಿ ಮೂರು ತೂತು ಗೋದಿಕಾಳಿನಂತೆ ಉದ್ದ. ಒಂದಂತೂ ಹಲಗೆಯ ಅಂಚಿಗೆ ಹೋಗಿತ್ತು. ಬ್ರಾಹ್ಮಿ ಫೋನು ಮಾಡಿ ತನ್ನ ಹಳೆಯ ಹಗುರ ಗುಂಡನ್ನೇ ಬರೆಸಿದಳು. ಮುಂದಿನ ಹನ್ನೆರಡು ದಿನ, ಗಾಳಿಯಲ್ಲಿ ಅದನ್ನು ಎಷ್ಟು ಸರಿಸಿ ಹೊಡೆಯಬೇಕೆಂದು ಕಲಿಯುವುದೊಂದೇ ಕೆಲಸ. ತಗ್ಗಿನಲ್ಲಿ ದಶರಥ, ಮೇಲೆ ಅವಳು.

ಆಯ್ಕೆಯ ದಿನ ಮಧ್ಯಾಹ್ನ ಬ್ರಾಹ್ಮಿಯ ಫೋನು ಬಂತು. ತಂಡದ ನಾಲ್ಕು ಜಾಗದಲ್ಲಿ ಅವಳಿಗೆ ನಾಲ್ಕನೆಯದು ಸಿಕ್ಕಿತ್ತು. ಶೇಟಜಿ ಹಿಂದಿನಿಂದ ಕೂಗುತ್ತಿದ್ದರು, ನಗುತ್ತಿದ್ದರು. ದಶರಥ ಅದೆಲ್ಲ ಮುಗಿಯುವವರೆಗೆ ಕಾದ.

“ಅದಿರಲಿ ಅವ್ವಾ, ಲಾಭ ಎಲ್ಲಿ ಬಿತ್ತು?”

“ನಟ್ಟನಡುವ, ಹತ್ತರ ಅಂಕದಾಗs ಬಿತ್ರಿ ಕಾಕಾ. ಅಲ್ಲಿ ತಗ್ಗಿನವರನ್ನ ಕೇಳಿ ಬಂದೇನಿ,” ಎಂದಳು ಬ್ರಾಹ್ಮಿ. “ದುಂಡಗಿತ್ತಂತ.”