ತಂಬೂರಿಗೊಂದು ತೊಡೆ

ದೂರದ ಊರುಗಳಿಗೆ ಮೇಲಿಂದ ಮೇಲೆ ಹೋಗಬೇಕಾದವರು ಬಾಡಿಗೆ ಕಾರು ಹಿಡಿಯಬೇಕೋ, ಎತ್ತರದ ದೊಡ್ಡ ಗಾಡಿ ಹಿಡಿಯಬೇಕೋ ಎಂದು ನನ್ನನ್ನು ಕೇಳುವವರು ಈಗಲೂ ಇದ್ದಾರೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಸೈಕಲ್ಲನ್ನೇ ಎರಡು ಸಲ ಕೆಲಗೇರಿ ಕೆರೆಯ ದಂಡೆಯಲ್ಲಿ ಬೀಳಿಸಿದವನು ನಾನು. ಆದರೂ ಹತ್ತು ಹನ್ನೆರಡು ವರ್ಷ ಎರಡೂ ಬಗೆಯ ಗಾಡಿಗಳಲ್ಲಿ ಬೆಳಗಾವಿ, ವಿಜಾಪುರ, ಸೊಲ್ಲಾಪುರ ಎಂದು ತಿರುಗಿದ್ದೇನಲ್ಲ, ಅದಕ್ಕೆ ಕೇಳುತ್ತಾರೆ. ನಾನೂ ಗಂಟಲು ಸರಿಮಾಡಿಕೊಂಡು ಸೀಟು, ಸ್ಪ್ರಿಂಗು, ಡೀಸೆಲ್ಲು ಎಂದು ಏನೇನೋ ಹೇಳುತ್ತೇನೆ. ಅವರು ತಲೆಯಾಡಿಸಿ ಹೋಗುತ್ತಾರೆ. ನನ್ನ ಅನುಭವವೆಲ್ಲ ತೊಡೆಗೆ ಸಂಬಂಧಿಸಿದ್ದು ಎಂದು ಮಾತ್ರ ಯಾರಿಗೂ ಹೇಳಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ಟೈಪಿಸ್ಟ್. ಸಂಜೆ ಮಾಳಮಡ್ಡಿಯ ಗುರುಗಳ ಮನೆಗೆ ಹಾಡು ಕಲಿಯಲು ಹೋಗುತ್ತಿದ್ದೆ. ಕಲಿಯಲು ಎನ್ನುವುದು ಸ್ವಲ್ಪ ದೊಡ್ಡ ಮಾತು. ಪಡಸಾಲೆಯಲ್ಲಿ ಇಪ್ಪತ್ತು ಮಂದಿ ಶಿಷ್ಯರು. ನನ್ನ ಜಾಗ ಬಾಗಿಲ ಬಳಿ, ಚಪ್ಪಲಿಗಳ ನೆರೆಯಲ್ಲಿ. ಗುರುಗಳು ಮುಂದಿನ ಸಾಲಿಗೆ ಕಲಿಸುತ್ತಿದ್ದರು, ನಡುವಿನ ಸಾಲನ್ನು ಬೈಯುತ್ತಿದ್ದರು. ನಮ್ಮ ಸಾಲಿಗೆ ಬೈಗುಳವೂ ಬಂದು ಮುಟ್ಟುತ್ತಿರಲಿಲ್ಲ. ಎರಡು ವರ್ಷ ಹೀಗೆ ಕೂತೆ. ಮನೆಯಲ್ಲಿ ಕೇಳಿದರೆ ಪಾಠ ಭಾಳ ಜೋರಾಗಿ ನಡೆದಿದೆ ಎನ್ನುತ್ತಿದ್ದೆ.

ಗುರುಗಳಿಗೆ ಸಂಗೀತ ಕಚೇರಿಗಳಿಗೆ ಕರೆ ಬರುತ್ತಿತ್ತು. ಹಾಡಲು ಹೊರಟರೆ ಒಬ್ಬ ಡ್ರೈವರ್ ಮಾಮಾನ ಹಳೆಯ ಅಂಬಾಸಡರ್ ಕಾರು ಗೊತ್ತು. ಜತೆಗೆ ತಬಲಾದವರು. ಮತ್ತೆ ಗುರುಗಳ ತಂಬೂರಿ. ಅದು ಅವರ ಗುರುಗಳು ಮೀರಜದಿಂದ ತರಿಸಿ ಕೊಟ್ಟದ್ದು. ಐದಡಿ ಉದ್ದ, ಒಣಗಿದ ದೊಡ್ಡ ಕುಂಬಳದ ಹೊಟ್ಟೆ. ಅದನ್ನು ಡಿಕ್ಕಿಯಲ್ಲಿ ಹಾಕುವಂತಿರಲಿಲ್ಲ, ಬರೀ ಸೀಟಿನ ಮೇಲೆ ಮಲಗಿಸುವಂತಿರಲಿಲ್ಲ. ಅದು ಆ ಮನೆಯ ಪದ್ಧತಿ: ತಂಬೂರಿ ತೊಡೆಯ ಮೇಲೆಯೇ ಹೋಗಬೇಕು, ತೊಡೆಯ ಮೇಲೆಯೇ ಬರಬೇಕು. ಅಲ್ಲಿಯವರೆಗೆ ಅದನ್ನು ಹೊತ್ತು ಹೋಗುತ್ತಿದ್ದವನು ಮುಂದಿನ ಸಾಲಿನ ಒಬ್ಬ ಬಡಕಲು ಶಿಷ್ಯ, ಒಳ್ಳೆಯ ಹಾಡುಗಾರ. ಒಮ್ಮೆ ಗದಗಿನಿಂದ ಬರುವಾಗ ಅವನ ಮೊಣಕಾಲಿನ ಗಂಟು ತಗಲಿ ಕುಂಬಳಕ್ಕೆ ಕೂದಲೆಳೆಯಷ್ಟು ಗೀರು ಬಿದ್ದಿತು. ಮರುದಿನ ಗುರುಗಳು ಪಡಸಾಲೆಯಲ್ಲಿ ನಿಂತು ಒಬ್ಬೊಬ್ಬರ ತೊಡೆಯನ್ನೂ ನೋಡುತ್ತ ಬಂದರು. ಸ್ವರ ಯಾರದು ಹೇಗಿದೆ ಎಂದು ಅಷ್ಟು ಗಮನವಿಟ್ಟು ನೋಡಿದ್ದು ನನಗೆ ನೆನಪಿಲ್ಲ.

"ಏ, ಆ ಚಪ್ಪಲಿ ಹತ್ರ ಕೂತಾನಲ್ಲ, ಅವನ್ನ ಕರೀರಿ," ಎಂದರು. "ಅವನ ತೊಡಿ ಗಾದಿ ಆದಂಗ ಆಗ್ಯಾವ."

ಇಡೀ ಪಡಸಾಲೆ ನಕ್ಕಿತು. ನನಗೆ ಮಾತ್ರ ಯಾರೋ ಶಾಲು ಹೊದಿಸಿದಷ್ಟು ಖುಷಿಯಾಯಿತು.

ಮುಂದಿನ ವಾರ ವಿಜಾಪುರ. ಮುಂದಿನ ಉದ್ದ ಸೀಟಿನಲ್ಲಿ ಮಾಮಾ ಮತ್ತು ಗುರುಗಳು. ಹಿಂದೆ ನಡುವೆ ನಾನು, ಪಕ್ಕದಲ್ಲಿ ತಬಲಾದವರು. ಕುಂಬಳ ನನ್ನ ತೊಡೆಯ ಮೇಲೆ. ತಂಬೂರಿಯ ದಂಡಿ ಮುಂದಿನ ಸೀಟಿನ ಒರಗಿನ ಮೇಲೆ ಹಾದು ಮಾಮಾ ಮತ್ತು ಗುರುಗಳ ನಡುವೆ ಚಾಚಿಕೊಂಡಿತ್ತು. ಬಿರಡೆಗಳು ಗುರುಗಳ ಕಿವಿಯ ಹತ್ತಿರ. ರಾಯಾಪುರ ದಾಟಿತು, ಹುಬ್ಬಳ್ಳಿಯ ಗದ್ದಲ ದಾಟಿತು, ತಬಲಾದವರು ಗೊರಕೆ ಶುರು ಮಾಡಿದರು. ನವಲಗುಂದದ ಆಚೆ ಎರೆಹೊಲಗಳ ನಡುವಿನ ನೇರ ರಸ್ತೆಯಲ್ಲಿ ಗಾಡಿ ತೆಗ್ಗಿಗೆ ಇಳಿದಾಗೆಲ್ಲ ತಂತಿ ತಾನೇ ಝುಂ ಎನ್ನುತ್ತಿತ್ತು. ಗುರುಗಳು ಕೈ ಚಾಚಿ ಬಿರಡೆ ತಿರುವಿ ಶ್ರುತಿ ಕೂಡಿಸಿದರು. ಆಮೇಲೆ ಹಿಂತಿರುಗಿ ನನ್ನನ್ನು ನೋಡಿದರು.

"ಏನ ಸುಮ್ಮನ ಕೂತೀ? ಸಾ ಹಚ್ಚು."

ಹಚ್ಚಿದೆ. ಅದು ಎಷ್ಟು ಕೆಟ್ಟದಾಗಿತ್ತೆಂದರೆ ತಬಲಾದವರಿಗೆ ಎಚ್ಚರವಾಯಿತು. ಗುರುಗಳು ಬೈಯಲಿಲ್ಲ. ತಾವೇ ಹಚ್ಚಿ ತೋರಿಸಿದರು. ನರಗುಂದ ಬರುವವರೆಗೆ ಬರೀ ಸಾ. ಬರುವಾಗ ಭೀಮಪಲಾಸ ರಾಗದ ಮೊದಲ ನಾಲ್ಕು ಸ್ವರ.

ಏಳೆಂಟು ವರ್ಷ ಹೀಗೆ ನಡೆಯಿತು. ನನಗೆ ಗೊತ್ತಿರುವ ಸಂಗೀತವೆಲ್ಲ ಆ ಕಾರಿನಲ್ಲಿ ಕಲಿತದ್ದು. ಇಂದಿಗೂ ಮಾರವಾ ರಾಗ ಹಾಡಿದರೆ ಬೆಳಗಾವಿ ರಸ್ತೆ ಕಣ್ಣೆದುರು ಬರುತ್ತದೆ. ವಿಲಂಬಿತದಲ್ಲಿ ಒಂದು ಕಡೆ ನಾನು ಈಗಲೂ ಅರೆಕ್ಷಣ ನಿಲ್ಲುತ್ತೇನೆ, ಏಕೆಂದರೆ ಅಲ್ಲಿ ರೈಲ್ವೆ ಗೇಟಿತ್ತು. ಮಾಮಾನಿಗೂ ಕಿವಿ ಬಂದಿತ್ತು. "ಇವತ್ತ ಛಲೋ ಹಾಡಾಕತ್ತೀರಿ ಬಿಡ್ರಿ, ಇಂಜಿನ್ ಸಪ್ಪಳಾ ಸೈತ ಕೇಳವಲ್ದು," ಎನ್ನುತ್ತಿದ್ದ. ಗುರುಗಳ ಮನೆಯಲ್ಲಿ ಮಾತ್ರ ನಾನು ಮೊದಲಿನ ಹಾಗೆ ಚಪ್ಪಲಿಯ ಬಳಿಯೇ ಕೂರುತ್ತಿದ್ದೆ. ಗುರುಗಳು ಅಲ್ಲಿ ನನ್ನನ್ನು ಗುರುತಿಸುತ್ತಲೂ ಇರಲಿಲ್ಲ. ನನ್ನ ಶಾಲೆ ಚಲಿಸುತ್ತಿರುವಾಗ ಮಾತ್ರ ತೆರೆದಿರುತ್ತಿತ್ತು.

ಇಷ್ಟರಲ್ಲಿ ಗುರುಗಳ ಸೊಂಟ ಕೆಟ್ಟಿತು. ಆ ತಗ್ಗಿನ ಸೀಟಿನಲ್ಲಿ ನಾಲ್ಕೈದು ತಾಸು ಕೂತು ಇಳಿಯುವಾಗ ಅವರನ್ನು ಇಬ್ಬರು ಹಿಡಿದು ಎತ್ತಬೇಕಿತ್ತು. ಆ ಇಬ್ಬರಲ್ಲಿ ನಾನೊಬ್ಬ. ವೇದಿಕೆ ಹತ್ತುವ ಮೊದಲು ಅವರು ಬೆಂಚಿನ ಮೇಲೆ ಕಣ್ಣು ಮುಚ್ಚಿ ಮಲಗಿ ಹಲ್ಲು ಕಚ್ಚುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಕಂಡವನೇ ಮುಂದಿನದನ್ನೂ ಮಾಡಿದೆ ಎಂಬುದನ್ನು ಓದುವವರು ಗಮನದಲ್ಲಿಡಬೇಕು.

ದಶಕದ ಕೊನೆಗೆ ಮಾಮಾ ಇನ್ನೊಂದು ಗಾಡಿ ತಂದ. ಎತ್ತರದ್ದು, ಎಂಟು ಸೀಟಿನದು, ಒಳಗೆ ಟೇಪು. ಹಳೆಯ ಕಾರೂ ಇತ್ತು. ಸೊಲ್ಲಾಪುರಕ್ಕೆ ಯಾವುದು ಬೇಕು ಹೇಳ್ರಿ ಎಂದು ಬಂದು ನಿಂತ. ಗುರುಗಳ ಹೆಂಡತಿ, ನಾವೆಲ್ಲ ಅವರಿಗೆ ಕಾಕು ಎನ್ನುತ್ತಿದ್ದೆವು, ಕಟ್ಟೆಯ ಮೇಲೆ ಚಹಾ ತಂದಿಟ್ಟರು. ವಿಚಾರಣೆ ಶುರುವಾಯಿತು.

ನಾನು ತಯಾರಾಗಿಯೇ ಬಂದಿದ್ದೆ. ಎರಡು ಸಂಜೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಂತು ದೊಡ್ಡ ಗಾಡಿಯ ದೋಷಗಳನ್ನು ಸಂಗ್ರಹಿಸಿದ್ದೆ. ಅವನ್ನೆಲ್ಲ ಹೇಳಿದವನು ಒಬ್ಬ ಸಣ್ಣ ಕಾರಿನ ಮಾಲೀಕ. ದೊಡ್ಡ ಗಾಡಿಯವರ ಹತ್ತಿರ ನಾನು ಹೋಗಲೇ ಇಲ್ಲ. ತಿರುವಿನಲ್ಲಿ ವಾಲುತ್ತದೆ ಎಂದೆ. ಹಿಂದಿನ ಬಾಗಿಲಿಂದ ಧೂಳು ಬರುತ್ತದೆ ಎಂದೆ. ಹತ್ತುವ ಮೆಟ್ಟಿಲು ಎತ್ತರ, ಗುರುಗಳ ಕಾಲಿಗೆ ಆಗದು ಎಂದೆ.

"ಹತ್ತಾಕ ಒಂದು ಮಣಿ ಇಡೂಣ್ರಿ," ಎಂದ ಮಾಮಾ. "ಸೀಟು ಕುರ್ಚಿ ಇದ್ದಂಗ ಐತ್ರಿ. ಸೊಂಟಕ್ಕ ಏನೂ ಆಗೂದಿಲ್ರಿ."

ಕಾಕು ನನ್ನ ಕಡೆ ನೋಡಿದರು. "ಅಯ್ಯ, ನಿನಗ ಗಾಡಿ ಬಗ್ಗೆ ಇಷ್ಟೆಲ್ಲಾ ತಿಳಿತದ ಅಂತ ಗೊತ್ತಽ ಇರಲಿಲ್ಲ ನೋಡು!"

ನಾನು ಕೊನೆಯ ಬಾಣ ಬಿಟ್ಟೆ. "ತಂಬೂರಿಗೆ ಹೆಂಗ್ರಿ?"

"ಹಿಂದ ಗಾದಿ ಹಾಸಿ ಉದ್ದಕ್ಕ ಮಲಗಸೋಣು," ಎಂದರು ತಬಲಾದವರು. ಏಳು ವರ್ಷ ನನ್ನ ಪಕ್ಕದಲ್ಲಿ ಗೊರಕೆ ಹೊಡೆದ ಮನುಷ್ಯ. "ತೊಡಿ ಬೇಕಾಗಂಗೇ ಇಲ್ಲ."

ಗುರುಗಳು ಪದ್ಧತಿಯ ಮಾತೆತ್ತಿ ಬೇಡ ಎನ್ನುತ್ತಾರೆ ಎಂದು ಕಾದೆ. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಆತು, ದೊಡ್ಡದಽ ತರ್ರಿ," ಎಂದರು.

ಸೊಲ್ಲಾಪುರಕ್ಕೆ ನನ್ನನ್ನೂ ಕರೆದೊಯ್ದರು. ಆದರೆ ಎಂಟು ಸೀಟಿದೆ ಎಂದು ತಿಳಿದ ಕೂಡಲೇ ಎಂಟು ಮಂದಿ ಹುಟ್ಟಿಕೊಂಡರು. ಕಾಕು, ಕಾಕುವಿನ ತಂಗಿ, ತಂಗಿಯ ಗಂಡ, ತಬಲಾದವರ ಹೆಂಡತಿ. ಎಲ್ಲರಿಗೂ ಸೊಲ್ಲಾಪುರದ ಚಾದರ ಬೇಕಿತ್ತು. ನನಗೆ ಉಳಿದದ್ದು ಕಟ್ಟಕಡೆಯ ಅಡ್ಡಸೀಟು. ಕಾಲ ಬಳಿ ಗಾದಿಯ ಮೇಲೆ ತಂಬೂರಿ ಗವಸು ಹೊದ್ದು ಮಲಗಿತ್ತು. ಗುರುಗಳು ಮುಂದೆ, ಕುರ್ಚಿಯಂಥ ಸೀಟಿನಲ್ಲಿ. ನಮ್ಮಿಬ್ಬರ ನಡುವೆ ಐದು ಮಂದಿ, ಎರಡು ಡಬ್ಬಿ ಅವಲಕ್ಕಿ ಚೂಡಾ ಮತ್ತು ನಿಲ್ಲದೆ ಹಾಡುವ ಟೇಪು. ಹೊಲಗಳು ಅಡ್ಡಡ್ಡಲಾಗಿ ಓಡುವುದನ್ನು ನೋಡಿ ನೋಡಿ ನರಗುಂದದಲ್ಲಿ ವಾಂತಿ ಮಾಡಿಕೊಂಡೆ. ಗುರುಗಳು ಯಾರೂ ಹಿಡಿಯದೆ ತಾವೇ ಇಳಿದು ಬಂದು ನನಗೆ ನೀರು ಕೊಟ್ಟರು. ಅವರು ಅಷ್ಟು ಸಲೀಸಾಗಿ ಇಳಿದದ್ದು ನನಗೆ ಸಂತೋಷ ತರಲಿಲ್ಲ.

ಮುಂದಿನ ಸಲ ರಾಯಚೂರು. "ಈ ಸಲ ನೀ ರಜಾ ಹಾಕಬ್ಯಾಡ," ಎಂದರು ಗುರುಗಳು. ವೇದಿಕೆಯ ಮೇಲೆ ತಂಬೂರಿ ಮೀಟಲು ಆ ಬಡಕಲು ಶಿಷ್ಯ ಹೋದ. ಈಗ ಅವನ ಮೊಣಕಾಲಿನ ಬಗ್ಗೆ ಯಾರಿಗೂ ತಕರಾರಿರಲಿಲ್ಲ.

ಆ ದಿನ ಕಚೇರಿಯಲ್ಲಿ ಟೈಪ್ ಮಾಡುತ್ತ ಕೂತು ನಾನು ಒಂದೇ ಒಂದು ಆಸೆಪಟ್ಟೆ: ತಂಬೂರಿ ಒಡೆಯಲಿ. ಪೂರ್ತಿ ಬೇಡ, ಸಣ್ಣದೊಂದು ಬಿರುಕು ಸಾಕು. ಆ ರಸ್ತೆಯ ತೆಗ್ಗುಗಳೆಲ್ಲ ನನಗೆ ಪರಿಚಯ. ಒಂದೊಂದನ್ನೂ ನೆನೆದು, ನೀನಾದರೂ ನಿನ್ನ ಕೆಲಸ ಮಾಡು ಎಂದು ಬೇಡಿಕೊಂಡೆ. ಏಳು ವರ್ಷ ಎತ್ತಿಕೊಂಡು ತಿರುಗಿದ ಕೂಸಿಗೆ ಕೆಟ್ಟದ್ದು ಬಯಸಿದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಅರ್ಧ ದಿನ ರಜೆ ಹಾಕಿ ಗುರುಗಳ ಮನೆಯ ಮುಂದೆ ನಿಂತೆ. ಗಾಡಿ ಬಂತು. ಯಾರೂ ಹೇಳುವ ಮೊದಲೇ ಹಿಂದಿನ ಬಾಗಿಲು ತೆಗೆದು ತಂಬೂರಿಯನ್ನು ಒಳಗೆ ಒಯ್ದೆ, ಗವಸು ಬಿಚ್ಚಿದೆ, ಕುಂಬಳವನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿದೆ. ಎಲ್ಲ ಕಡೆಯೂ ಗಟ್ಟಿ ದನಿ. ತಲೆಯೆತ್ತಿದರೆ ಗುರುಗಳು ಬಾಗಿಲಲ್ಲಿ ನಿಂತಿದ್ದರು.

"ಏನು, ಒಡದಿಲ್ಲಂತ ಬ್ಯಾಸರಾತೇನು?"

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ನಿಧಾನವಾಗಿ ಬಂದು ಜಮಖಾನೆಯ ಮೇಲೆ ಕೂತರು.

"ಸೊಂಟಕ್ಕ ಭಾಳ ಆರಾಮ ಆಗೇದಪಾ," ಎಂದರು. ಕುಂಬಳದ ಮೇಲೆ ಕೈಯಾಡಿಸಿ, "ಆದ್ರ ದಾರಿ ಭಾಳ ಉದ್ದ ಆತು," ಎಂದರು.

ಇಷ್ಟು ಹೇಳಿದ ಮೇಲೆ ಮುಂದಿನ ಸಲ ಹಳೆಯ ಕಾರು ತರಿಸುತ್ತಾರೆ ಎಂದು ನಾನು ಖುಷಿಯಲ್ಲಿದ್ದೆ. ತರಿಸಲಿಲ್ಲ. ಸೊಂಟ ಒಪ್ಪಬೇಕಲ್ಲ. ದೊಡ್ಡ ಗಾಡಿ ತನ್ನ ಎಂಟು ಮಂದಿಯನ್ನು ತುಂಬಿಕೊಂಡು ಹೋಗುತ್ತಲೇ ಇತ್ತು, ನಾನು ಚಪ್ಪಲಿಗಳ ಬಳಿ ಕೂತೇ ಇದ್ದೆ. ನಾಲ್ಕಾರು ವರ್ಷಗಳಲ್ಲಿ ಗುರುಗಳ ದಮ್ಮು ಕಡಿಮೆಯಾಗಿ ಸಂಗೀತ ಕಚೇರಿಗಳೂ ನಿಂತವು. ಅವರು ಇಳಿದುಹೋದರು, ಪಂಚೆಯೊಳಗೆ ಕಾಲುಗಳು ಕಡ್ಡಿಯಂತಾದವು.

ಹೊಸ ಶತಮಾನದ ಆರಂಭದ ಒಂದು ವರ್ಷ ನರಗುಂದದ ಶಾಲೆಯವರು ಅವರನ್ನು ಹಾಡಲು ಕರೆಯಲು ಬಂದರು. ಪಡಸಾಲೆಯಲ್ಲಿ ಮುಂದಿನ ಸಾಲು, ನಡುವಿನ ಸಾಲು ಎಲ್ಲ ತುಂಬಿತ್ತು. ಗುರುಗಳು ಬಾಗಿಲ ಕಡೆ ಬೆರಳು ತೋರಿಸಿದರು.

"ನನ್ನ ಕಡಿಂದ ಆಗಂಗಿಲ್ರಿ. ಅವನ್ನ ಕರಕೊಂಡ ಹೋಗ್ರಿ, ಆ ದಾರಿ ಅವಗ ಗೊತ್ತದ. ನಾ ಕೇಳ್ಲಿಕ್ಕೆ ಬರ್ತೀನಿ."

ಈ ಸಲ ಗಾಡಿ ಗೊತ್ತುಮಾಡುವವನು ನಾನೇ. ಮಾಮಾನ ಬಳಿ ಹೋಗಿ ದೊಡ್ಡ ಗಾಡಿಯನ್ನೇ ಹೇಳಿದೆ. ಸೀಟು ಕುರ್ಚಿಯ ಹಾಗಿರುತ್ತದೆ, ಸೊಂಟಕ್ಕೆ ಒಳ್ಳೆಯದು ಎಂದು ಅವನದೇ ಮಾತನ್ನು ಅವನಿಗೇ ಹೇಳಿದೆ. ಅವನು ನಕ್ಕ. ಹತ್ತಲು ಮಣೆ ತಂದೆ, ಹಿಂದೆ ಗಾದಿ ಹಾಸಿ ತಂಬೂರಿ ಮಲಗಿಸಿದೆ. ತಬಲಾದವರು ನರಗುಂದದಲ್ಲೇ ಸಿಗುವವರಿದ್ದರು. ಎಂಟು ಸೀಟಿನ ಗಾಡಿಗೆ ಮೂರೇ ಮಂದಿ. ನಾನು ಹಾಡುತ್ತೇನೆ ಎಂದು ತಿಳಿದ ಮೇಲೆ ಉಳಿದವರಿಗೆ ಬೇರೆ ಕೆಲಸಗಳು ನೆನಪಾಗಿದ್ದವು.

ಮುಂದಿನ ಸೀಟಿನ ಬಾಗಿಲು ತೆಗೆದು ಹಿಡಿದೆ. ಗುರುಗಳು ಹತ್ತಲಿಲ್ಲ. ಹಿಂದೆ ಹೋಗಿ ಒಳಗೆ ಇಣುಕಿದರು.

"ನೀ ಮುಂದ ಕುಂದ್ರು. ಅದನ್ನ ಇಲ್ಲೆ ಕೊಡು."

ನಡುವಿನ ಸೀಟಿನಲ್ಲಿ ಕೂತು ತೊಡೆ ತಟ್ಟಿ ತೋರಿಸಿದರು. ನಾನು ಬೇಡ ಎಂದೆ, ಭಾರ ಎಂದೆ, ಗಾದಿಯ ಮೇಲೆ ಆರಾಮಾಗಿ ಇದೆ ಎಂದೆ.

"ಹಂಗಾರ ಗಾದೀನೂ ಕೊಡು," ಎಂದರು. "ನನ್ನ ತೊಡಿ ನಿನ್ನಂಗ ಇಲ್ಲ."

ಗಾದಿಯನ್ನು ಮಡಿಚಿ ಅವರ ಕಡ್ಡಿ ಕಾಲುಗಳ ಮೇಲಿಟ್ಟೆ, ಅದರ ಮೇಲೆ ಕುಂಬಳ ಇಟ್ಟೆ. ಅವರು ಎರಡೂ ಕೈಯಿಂದ ತಬ್ಬಿ ಹಿಡಿದರು. ದಂಡಿ ಮುಂದಿನ ಎರಡು ಸೀಟುಗಳ ಸಂದಿನಲ್ಲಿ ಹಾದು ನನ್ನ ಕಿವಿಯ ಬಳಿಗೆ ಬಂತು. ಮಾಮಾ ತಾನೇ ಟೇಪು ಆರಿಸಿದ. ರಾಯಾಪುರ ದಾಟಿತು, ಹುಬ್ಬಳ್ಳಿ ದಾಟಿತು. ನವಲಗುಂದದ ಆಚೆ ಮೊದಲ ತೆಗ್ಗಿಗೆ ತಂತಿ ಝುಂ ಎಂದಿತು. ನಾನು ಕೈಯೆತ್ತಿ ಬಿರಡೆ ತಿರುವಿದೆ, ಶ್ರುತಿ ಕೂಡಿತು. ಮತ್ತೆ ರಸ್ತೆ ನೋಡುತ್ತ ಕೂತೆ.

"ಏನ ಸುಮ್ಮನ ಕೂತೀ?" ಎಂದಿತು ಹಿಂದಿನ ಸೀಟು. "ನರಗುಂದ ಬರ್ಲಿಕತ್ತದ."